ಮಂಗಳಕ್ಕೆ ಹೊರಟ ಹಡಗು, ತೀರ್ಥಹಳ್ಳಿಯ ಜಗಲಿಯಲ್ಲಿ

ಸಿನಿಮಾದ ಅಂತರಿಕ್ಷ ನೌಕೆಗೆ ಒಂದು ಮಗ್ಗುಲು ಇದ್ದರೆ ಸಾಕು. ‘ಸ್ಟಾರ್ ಟ್ರೆಕ್’ ಧಾರಾವಾಹಿಗಾಗಿ 1964ರಲ್ಲಿ ಕಟ್ಟಿದ ಎಂಟರ್‌ಪ್ರೈಸ್ ನೌಕೆಯ ದೊಡ್ಡ ಮಾಡೆಲ್ ಇವತ್ತಿಗೂ ಇದೆ. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂನವರು ಅದನ್ನು ಜೋಪಾನವಾಗಿ ಇಟ್ಟಿದ್ದಾರೆ. ಉದ್ದ 11 ಅಡಿಗೂ ಸ್ವಲ್ಪ ಜಾಸ್ತಿ. ಅದರ ಬಲ ಮಗ್ಗುಲಲ್ಲಿ ಕಿಟಕಿ, ಅಕ್ಷರ, ದೀಪ ಎಲ್ಲವೂ ಇವೆ. ಎಡ ಮಗ್ಗುಲಿಗೆ ಆ ಭಾಗ್ಯ ಇರಲಿಲ್ಲ. ಒಳಗಿನ ದೀಪಗಳ ವೈರುಗಳು ಆ ಕಡೆಯಿಂದ ಹೊರಗೆ ಬರುತ್ತಿದ್ದವು. ಹಾಗಾಗಿ ಕ್ಯಾಮೆರಾ ಬಲಗಡೆಯಲ್ಲೇ ಉಳಿಯಿತು. ಊರೆಲ್ಲ ನೋಡಿದ ನೌಕೆಯ ಇನ್ನೊಂದು ಮುಖವನ್ನು ಯಾರೂ ನೋಡಲಿಲ್ಲ.

ಕಲ್ಪನೆಯ ನೌಕೆಯೂ ಹಾಗೇ ಅಲ್ವಾ? ಕಣ್ಣು ಮುಚ್ಚಿದರೆ ಒಳ್ಳೆ ಬೆಳಕಿನಲ್ಲಿ, ನಮಗಿಷ್ಟವಾದ ಕಡೆಯಿಂದ ಕಾಣುತ್ತದೆ. ಅದರ ಹಿಂದೆ ಏನಿದೆ, ಅಡಿಯಲ್ಲಿ ಏನಿದೆ, ಒಳಗಿನ ಜನ ಎಲ್ಲಿ ಮಲಗುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೈಯಿಂದ ಕಟ್ಟಲು ಕೂತಾಗ ಈ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಉತ್ತರ ಸಿಗುವವರೆಗೆ ಆ ಜಾಗ ಖಾಲಿ ಇರುತ್ತದೆ, ನಮ್ಮನ್ನೇ ನೋಡುತ್ತಿರುತ್ತದೆ. ಈ ಕೆಲಸದ ಮೇಲೆ ನನಗೆ ಇಷ್ಟೊಂದು ಪ್ರೀತಿ ಹುಟ್ಟಿದ್ದು ಆ ಪ್ರಶ್ನೆಗಳಿಂದಲೇ.

ನಮ್ಮ ಮನೆ ಇರುವುದು ತೀರ್ಥಹಳ್ಳಿ ಹತ್ತಿರ. ವಾರವಿಡೀ ಶಿವಮೊಗ್ಗದಲ್ಲಿ ಮನೆಗಳ ಪ್ಲಾನ್ ಬರೆಯುತ್ತೇನೆ, ಶನಿವಾರ ಸಂಜೆ ಬಸ್ಸು ಹತ್ತಿ ಊರಿಗೆ ಬರುತ್ತೇನೆ. ಜಗಲಿಯ ಒಂದು ತುದಿಯಲ್ಲಿ 2.8 ಮೀಟರ್ ಉದ್ದದ ನೌಕೆ ನಿಧಾನಕ್ಕೆ ಬೆಳೆಯುತ್ತಿದೆ. ಯಾವ ಸಿನಿಮಾದ್ದೂ ಅಲ್ಲ, ಕಿಟ್ ತಂದು ಜೋಡಿಸಿದ್ದೂ ಅಲ್ಲ. ಮೊದಲ ಗೆರೆಯಿಂದ ಕೊನೆಯ ಮೊಳೆಯವರೆಗೆ ನಮ್ಮ ಕೈಯದ್ದೇ. ಹೆಸರು ‘ತುಂಗೆ’. ಮನುಷ್ಯರನ್ನು ಮಂಗಳ ಗ್ರಹಕ್ಕೆ ಕರೆದುಕೊಂಡು ಹೋಗಿ ವಾಪಸು ತರುವುದು ಅದರ ಕೆಲಸ.

ಅಳತೆ 1:100. ಮನೆ ಪ್ಲಾನ್ ಬರೆಯುವವರ ಕೈಗೆ ಪಳಗಿದ ಅಳತೆ ಇದು. ಒಂದು ಮೀಟರಿಗೆ ಒಂದು ಸೆಂಟಿಮೀಟರ್, ಅಷ್ಟೇ. ಮನುಷ್ಯನ ಎತ್ತರ 17 ಮಿಲಿಮೀಟರ್. ಬಾಗಿಲು ಎರಡು ಸೆಂಟಿಮೀಟರ್. ಏಣಿಯ ಮೆಟ್ಟಿಲಿಂದ ಮೆಟ್ಟಿಲಿಗೆ ಮೂರು ಮಿಲಿಮೀಟರ್. ಹೊಲಿಗೆ ದಾರವನ್ನು ಎಳೆದು ಅಂಟಿಸಿದರೆ ಅದು ಎರಡು ಮೂರು ಸೆಂಟಿಮೀಟರ್ ದಪ್ಪದ ಪೈಪು. ಈ ಲೆಕ್ಕದಲ್ಲಿ ನಿಜವಾದ ‘ತುಂಗೆ’ 280 ಮೀಟರ್ ಆಗುತ್ತದೆ. ಜೋಗದ ಎತ್ತರ 253 ಮೀಟರ್. ನೌಕೆಯನ್ನು ಜೋಗದ ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಮೂತಿ ಬಂಡೆಯಿಂದ ಮೇಲೆ ಇಣುಕುತ್ತದೆ. ಈಗ ಭೂಮಿಯನ್ನು ಸುತ್ತುತ್ತಿರುವ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣ ಒಂದು ತುದಿಯಿಂದ ಇನ್ನೊಂದು ತುದಿಗೆ 109 ಮೀಟರ್. ಇದೇ ಅಳತೆಯಲ್ಲಿ ಮಾಡಿ ಪಕ್ಕದಲ್ಲಿಟ್ಟರೆ ಅದು ಒಂದು ಮೀಟರ್ ಚಿಲ್ಲರೆ.

ಇಷ್ಟುದ್ದ ಯಾಕೆ ಎಂದು ಮೊದಲು ಕೇಳಿದವರು ನಮ್ಮೂರಿನ ಆಚಾರ್ರು. ಪ್ಲೈವುಡ್ಡಿನಲ್ಲಿ ಉಂಗುರ ಕೊಯ್ದುಕೊಡಲು ಬಂದಿದ್ದರು. ನೌಕೆಯ ಸುತ್ತ ಒಂದು ಸುತ್ತು ಬಂದು ಕೇಳಿದರು: ‘ಮುಂದೊಂದು ಗಾಲಿ, ಹಿಂದೊಂದು ಡಬ್ಬಿ, ನಡುವೆ ಬರೀ ಏಣಿ. ಏಣಿ ಮೋಟು ಮಾಡಿದ್ರೆ ಸಾಮಾನು ಉಳೀತದಲ್ಲ ಇಂಜಿನಿಯರ್ರೇ?’

ಒಳ್ಳೆಯ ಪ್ರಶ್ನೆ. ಹಿಂದಿನ ಡಬ್ಬಿ ಪರಮಾಣು ರಿಯಾಕ್ಟರು. ಮುಂದಿನ ಗಾಲಿಯಲ್ಲಿ ಜನ ಇರುತ್ತಾರೆ. ರಿಯಾಕ್ಟರಿನ ವಿಕಿರಣದಿಂದ ಅವರನ್ನು ಕಾಯಬೇಕು. ಸುತ್ತಲೂ ದಪ್ಪ ಗೋಡೆ ಕಟ್ಟಬಹುದು. ಆದರೆ ಅಂತರಿಕ್ಷದಲ್ಲಿ ಪ್ರತಿ ಕಿಲೋ ಭಾರಕ್ಕೂ ಇಂಧನ ಸುಡಬೇಕು. ದೂರಕ್ಕೆ ಅಷ್ಟು ಖರ್ಚಿಲ್ಲ. ದೂರ ಎರಡರಷ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ, ಮೂರರಷ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ. ಹಾಗಾಗಿ ಏಣಿಯಂಥ ಹಗುರವಾದ ಬೆನ್ನೆಲುಬು ಕೊಟ್ಟು ಜನರನ್ನೂ ರಿಯಾಕ್ಟರನ್ನೂ ದೂರ ಇಡುವುದು ಲಾಭ. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದ ನೌಕೆಯೂ ಇದೇ ಆಲೋಚನೆಯದು. ಮುಂದೆ ಜನರಿರುವ ಗೋಳ, ಹಿಂದೆ ಎಂಜಿನ್, ನಡುವೆ ಉದ್ದನೆಯ ಬೆನ್ನು. ಅದರ ದೊಡ್ಡ ಮಾಡೆಲ್ 54 ಅಡಿ ಇತ್ತು. ನಮ್ಮ ಜಗಲಿಯಲ್ಲಿ ಹಿಡಿಸುವಂಥದ್ದಲ್ಲ. ಅಂತರಿಕ್ಷದಲ್ಲಿ ಗಾಳಿಯಿಲ್ಲ, ದೂರದ ವಸ್ತು ಮಸುಕಾಗುವುದಿಲ್ಲ. ಹಾಗಾಗಿ ಮೂತಿಯಿಂದ ಬಾಲದವರೆಗೆ ಎಲ್ಲವೂ ಚೂಪಾಗಿ ಕಾಣಬೇಕು. ಅದಕ್ಕೆ ಕ್ಯಾಮೆರಾದ ಕಿಂಡಿಯನ್ನು ತೀರಾ ಚಿಕ್ಕದು ಮಾಡಿ, ಒಂದೊಂದು ಫ್ರೇಮಿಗೂ ಸೆಕೆಂಡುಗಟ್ಟಲೆ ಬೆಳಕು ಬಿಟ್ಟು ಚಿತ್ರ ತೆಗೆದರು.

ದೂರ ಇಟ್ಟ ಮೇಲೂ ಒಂದು ತಡೆ ಬೇಕು. ಅದನ್ನು ರಿಯಾಕ್ಟರಿನ ಸುತ್ತ ಕಟ್ಟಬೇಕಾಗಿಲ್ಲ. ಜನರಿರುವ ಕಡೆಗೆ ಒಂದು ದಪ್ಪ ಬಿಲ್ಲೆ ಇಟ್ಟರೆ ಸಾಕು. ಬಿಲ್ಲೆಯ ನೆರಳು ಮುಂದೆ ಹೋದಂತೆ ಅಗಲವಾಗುತ್ತದೆ. ಇಡೀ ನೌಕೆ ಆ ನೆರಳಿನ ಒಳಗಿರಬೇಕು. ಇದನ್ನು ಆಚಾರ್ರಿಗೆ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ ಅನ್ನಿಸಿತು. ರಿಯಾಕ್ಟರಿನ ನಡುವಿಗೆ ಒಂದು ದಾರ ಕಟ್ಟಿದೆ. ಅಲ್ಲಿಂದ 10 ಸೆಂಟಿಮೀಟರ್ ಮುಂದೆ ಬಿಲ್ಲೆ. ಅದರ ಅಂಚು ನಡುಗೆರೆಯಿಂದ 2.2 ಸೆಂಟಿಮೀಟರ್ ದೂರ. ದಾರವನ್ನು ಆ ಅಂಚಿಗೆ ಸವರಿಕೊಂಡು ಹೋಗುವ ಹಾಗೆ ಮುಂದಕ್ಕೆ ಎಳೆದೆವು. ಎರಡು ಮೀಟರ್ ಆಚೆ ಉಂಗುರದ ಹತ್ತಿರ ಬರುವಾಗ ದಾರ ನಡುಗೆರೆಯಿಂದ 44 ಸೆಂಟಿಮೀಟರ್ ಹೊರಗಿತ್ತು. ಉಂಗುರದ ಹೊರ ಅಂಚು ಇರುವುದು 40ಕ್ಕೆ. ನಾಲ್ಕು ಸೆಂಟಿಮೀಟರ್ ಉಳಿಯಿತು. ಆಚಾರ್ರು ದಾರದ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿದರು. ‘ಓ, ಇದು ಸೂರಿನ ಲೆಕ್ಕ’ ಅಂದರು.

ಹೌದು, ಅದೇ. ಮಲೆನಾಡಿನಲ್ಲಿ ಮನೆ ಕಟ್ಟುವಾಗ ಸೂರನ್ನು ಎಷ್ಟು ಮುಂದೆ ಚಾಚಬೇಕು ಅನ್ನುವುದಕ್ಕೂ ಇಂಥದ್ದೇ ಗೆರೆ ಎಳೆಯುತ್ತಾರೆ. ಓರೆ ಮಳೆ ಸೂರಿನ ಅಂಚನ್ನು ದಾಟಿ ಎಲ್ಲಿ ಬೀಳುತ್ತದೆ, ಜಗಲಿಗೆ ಇರಚಲು ಬಾರದ ಹಾಗೆ ಎಷ್ಟು ಬೇಕು. ಅವರು ಜೀವಮಾನವಿಡೀ ಮಾಡಿದ ಲೆಕ್ಕ ಇದು. ಅವತ್ತಿನಿಂದ ಆಚಾರ್ರು ಸಂಬಳಕ್ಕೆ ಬರುವವರಾಗಿ ಉಳಿಯಲಿಲ್ಲ. ಹೊಸದೇನಾದರೂ ಜೋಡಿಸಿದರೆ ಅವರೇ ದಾರ ಕಟ್ಟಿ ಪರೀಕ್ಷೆ ಮಾಡುತ್ತಾರೆ.

ಶಾಖ ಚೆಲ್ಲುವ ರೆಕ್ಕೆಗಳ ಆಕಾರವನ್ನೂ ಆ ದಾರವೇ ಹೇಳಿಕೊಟ್ಟಿತು. ಅಂತರಿಕ್ಷ ತಣ್ಣಗಿದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಅಲ್ಲಿ ಶಾಖ ಕಳೆದುಕೊಳ್ಳುವುದೇ ಕಷ್ಟ. ಮೈ ಸವರಿ ಬಿಸಿ ಒಯ್ಯಲು ಗಾಳಿಯಿಲ್ಲ. ವಿಕಿರಣವಾಗಿ ಚೆಲ್ಲುವುದೊಂದೇ ದಾರಿ. 27 ಡಿಗ್ರಿ ಸೆಲ್ಸಿಯಸ್ ಬಿಸಿ ಇರುವ ಮೇಲ್ಮೈ ಒಂದು ಚದರ ಮೀಟರಿಗೆ ಹೆಚ್ಚೆಂದರೆ 460 ವಾಟ್ ಚೆಲ್ಲುತ್ತದೆ. ಕೆಲ್ವಿನ್ ಲೆಕ್ಕದಲ್ಲಿ, ಅಂದರೆ ಮೈನಸ್ 273 ಡಿಗ್ರಿ ಸೆಲ್ಸಿಯಸ್ಸನ್ನು ಸೊನ್ನೆ ಎಂದು ಎಣಿಸಿದಾಗ, ಉಷ್ಣತೆ ಎರಡರಷ್ಟಾದರೆ ಚೆಲ್ಲುವುದು 16 ಪಟ್ಟು ಆಗುತ್ತದೆ. ಹಾಗಾಗಿ ‘ತುಂಗೆ’ಗೆ ಎರಡು ಜಾತಿಯ ರೆಕ್ಕೆಗಳು. ರಿಯಾಕ್ಟರಿನವು ಕೆಂಪಗೆ ಕಾಯುವಷ್ಟು ಬಿಸಿ, ಹಾಗಾಗಿ ಕೆಲಸಕ್ಕೆ ತಕ್ಕಂತೆ ನೋಡಿದರೆ ಚಿಕ್ಕವು. ಬಣ್ಣ ಕಡುಬೂದು. ಅವು ನೆರಳಿನೊಳಗೇ ಇರಬೇಕು. ಅದಕ್ಕೆ ರಿಯಾಕ್ಟರಿನ ಹತ್ತಿರ ಕಿರಿದಾಗಿ, ಮುಂದೆ ಬಂದಂತೆ ಅಗಲವಾಗುವ ತ್ರಿಕೋನ. ಜನರಿರುವ ಕಡೆಯ ಶಾಖಕ್ಕೆ ಬೇರೆ ರೆಕ್ಕೆಗಳು, ಬಿಳಿ ಬಣ್ಣದವು. ಇವು ಅಷ್ಟು ಬಿಸಿಯಾಗುವುದಿಲ್ಲ, ಆದ್ದರಿಂದ ಅಗಲ ಜಾಸ್ತಿ ಬೇಕು. ಮನೆಗೆ ಬಂದವರು ‘ಗಾಳಿಯಿಲ್ಲದ ಕಡೆ ರೆಕ್ಕೆ ಯಾಕೆ’ ಎಂದು ಕೇಳುತ್ತಾರೆ. ‘2001’ ಸಿನಿಮಾದ ನೌಕೆಗೂ ಮೊದಲು ಬರೆದ ಚಿತ್ರಗಳಲ್ಲಿ ಇಂಥ ರೆಕ್ಕೆಗಳಿದ್ದವು, ನೋಡುವವರು ವಿಮಾನ ಅಂದುಕೊಂಡಾರು ಎಂದು ತೆಗೆದುಬಿಟ್ಟರು. ನನಗೆ ಆ ನಿರ್ಧಾರ ಅರ್ಥವಾಗುತ್ತದೆ. ಪರದೆಯ ಮೇಲೆ ವಿವರಿಸಲು ಯಾರಿರುತ್ತಾರೆ? ಜಗಲಿಯಲ್ಲಿ ನಾನಿದ್ದೇನೆ. ರೆಕ್ಕೆ ಉಳಿಸಿಕೊಂಡೆ.

ಇನ್ನು ಉಂಗುರ. ಇಡೀ ನೌಕೆಯಲ್ಲಿ ನನಗೆ ಅತಿ ಇಷ್ಟವಾದ ಭಾಗ.

ಮಂಗಳಕ್ಕೆ ಸುಮಾರು ಏಳು ತಿಂಗಳ ದಾರಿ. ಅಷ್ಟು ದಿನ ತೂಕವಿಲ್ಲದೆ ತೇಲುತ್ತಿದ್ದರೆ ಮೂಳೆ ಸವೆಯುತ್ತದೆ, ಸ್ನಾಯು ಸೊರಗುತ್ತದೆ. ಉಂಗುರವನ್ನು ತಿರುಗಿಸಿದರೆ ಒಳಗಿನವರು ಅಂಚಿನ ಕಡೆ ಒತ್ತಿಕೊಂಡು ನಿಲ್ಲುತ್ತಾರೆ, ತೂಕ ಬಂದಂತಾಗುತ್ತದೆ. ಜೋರಾಗಿ ತಿರುಗಿಸಿದರೆ ಚಿಕ್ಕ ಉಂಗುರ ಸಾಕು, ಆದರೆ ತಲೆ ಸುತ್ತುತ್ತದೆ. ನಿಮಿಷಕ್ಕೆ ಮೂರು ಸುತ್ತು ಎಂದು ಇಟ್ಟುಕೊಂಡೆ. ಭೂಮಿಯಷ್ಟೇ ತೂಕ ಬೇಕಾದರೆ ಆಗ ತ್ರಿಜ್ಯ ಸುಮಾರು 99 ಮೀಟರ್ ಬೇಕು. ನಮ್ಮ ಅಳತೆಯಲ್ಲಿ ಎರಡು ಮೀಟರ್ ಅಡ್ಡಗಲದ ಉಂಗುರ. ಜಗಲಿಯ ಕಂಬಗಳ ನಡುವೆ ತೂರುವುದಿಲ್ಲ. ಆದರೆ ಇವರು ಹೋಗುತ್ತಿರುವುದು ಮಂಗಳಕ್ಕೆ. ಅಲ್ಲಿಯ ಸೆಳೆತ ಭೂಮಿಯದರ ಶೇ. 38. ದಾರಿಯುದ್ದಕ್ಕೂ ಅದೇ ತೂಕದಲ್ಲಿ ಬದುಕಿದರೆ ಇಳಿಯುವ ದಿನ ಕಾಲು ತಡವರಿಸುವುದಿಲ್ಲ. ಅದಕ್ಕೆ 38 ಮೀಟರ್ ತ್ರಿಜ್ಯ ಸಾಕು. ನೆಲದ ಅಡಿಗೆ ನೀರಿನ ಟ್ಯಾಂಕು, ಪೈಪುಗಳಿಗೆ ಎರಡು ಮೀಟರ್ ಬಿಟ್ಟರೆ ಹೊರ ಅಂಚು 40. ಮಾಡೆಲ್ಲಿನಲ್ಲಿ 80 ಸೆಂಟಿಮೀಟರ್ ಅಡ್ಡಗಲ, ಬಾಗಿಲು ದಾಟುತ್ತದೆ. ವಿಜ್ಞಾನಕ್ಕೂ ಒಪ್ಪಿತು, ಹೆಬ್ಬಾಗಿಲಿಗೂ ಒಪ್ಪಿತು.

ಉಂಗುರದೊಳಗೆ ನೆಲ ಯಾವುದು ಎಂಬಲ್ಲಿ ಸುಮಾರು ಚಿತ್ರಕಾರರು ಗಲಿಬಿಲಿಯಾಗುತ್ತಾರೆ. ಹೊರ ಅಂಚೇ ನೆಲ. ತಲೆ ಗಾಲಿಯ ನಡುವಿನ ಕಡೆಗೆ. ಕಿಟಕಿಗಳು ಪಕ್ಕದ ಗೋಡೆಗಳಲ್ಲಿ ಬರಬೇಕು. ಉಂಗುರವನ್ನು ಒಂದು ಕಡೆ ಕತ್ತರಿಸಿ ಬಿಚ್ಚಿ ನೆಲವನ್ನು ಮಟ್ಟಸ ಹಾಸಿದರೆ 239 ಮೀಟರ್ ಉದ್ದದ ಒಂದು ಓಣಿ ಆಗುತ್ತದೆ. ನಾನು 2.39 ಮೀಟರ್ ಉದ್ದದ ಕಾಗದದ ಪಟ್ಟಿ ಅಂಟಿಸಿಕೊಂಡು ಅದರ ಮೇಲೆ ಮನೆ ಪ್ಲಾನ್ ಬರೆದ ಹಾಗೆಯೇ ಕೋಣೆಗಳನ್ನು ಬರೆದೆ. ಮಲಗುವ ಕೋಣೆಗಳು, ಅಡುಗೆಮನೆ, ಸೊಪ್ಪು ಬೆಳೆಯುವ ಜಾಗ, ದವಾಖಾನೆ. ಅಕ್ಕನ ಮಗಳು ಪಟ್ಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮಂಡಿಯೂರಿ ಹೋಗಿ ಎಲ್ಲವನ್ನೂ ಓದಿದಳು. ಕೊನೆಗೆ ಕೇಳಿದಳು: ‘ಮಾವ, ಬಚ್ಚಲು ಎಲ್ಲಿ?’

ಹುಡುಗಿ ಕೇಳಿದ್ದು ಬಹಳ ದೊಡ್ಡ ಪ್ರಶ್ನೆ. ಬಚ್ಚಲು ಅಂದರೆ ನೀರು. ನೀರನ್ನು ಒಯ್ಯುವುದು ಭಾರ, ಹಾಗಾಗಿ ಬಳಸಿದ್ದನ್ನೇ ಶುದ್ಧ ಮಾಡಿ ಮತ್ತೆ ಬಳಸಬೇಕು. ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಮೂತ್ರ, ಬೆವರು, ಉಸಿರಿನ ತೇವ ಎಲ್ಲವನ್ನೂ ಹಿಡಿದು ಶೇ. 98ರಷ್ಟು ನೀರನ್ನು ವಾಪಸು ಪಡೆಯಲು ಸಾಧ್ಯವಾಗಿದೆ ಎಂದು ನಾಸಾ 2023ರಲ್ಲಿ ಹೇಳಿತು. ಜೊತೆಗೆ, ಸೂರ್ಯನಿಂದ ಜೋರಾದ ಕಣಗಳ ಅಲೆ ಬಂದಾಗ ಅಡಗಿಕೊಳ್ಳಲು ಒಂದು ಕೋಣೆ ಬೇಕು. ಅದರ ಗೋಡೆಗೆ ನೀರಿಗಿಂತ ಒಳ್ಳೆಯದು ಇನ್ನೇನಿದೆ? ನೀರು ಹೇಗೂ ಬೇಕು, ತಡೆಯಾಗಿಯೂ ನಿಲ್ಲುತ್ತದೆ. ಬಚ್ಚಲಿನ ಪಕ್ಕಕ್ಕೇ ನೀರಿನ ಟ್ಯಾಂಕುಗಳು ಬಂದವು, ಟ್ಯಾಂಕುಗಳ ನಡುವೆ ಆ ಅಡಗುಕೋಣೆ ಬಂತು. ಹೊರಗಡೆ ಅಲ್ಲಿಗೆ ದಪ್ಪ ಪೈಪು, ವಾಲ್ವು, ರಿಪೇರಿಗೆ ಹೋಗುವ ಮುಚ್ಚಳ ಬಂದವು. ಉಂಗುರದ ಆ ಭಾಗ ಈಗ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಸೊಗಸು. ತಿರುಗುವ ಉಂಗುರದಲ್ಲಿ ಬಿದ್ದದ್ದು ನೇರ ಕೆಳಗೆ ಬೀಳುವುದಿಲ್ಲ. ಒಂದು ಮೀಟರ್ ಎತ್ತರದ ನಲ್ಲಿಯಿಂದ ಬಿಟ್ಟ ಹನಿ, ಈ ಉಂಗುರದಲ್ಲಿ, ತಿರುಗುವ ದಿಕ್ಕಿಗೆ ಎದುರಾಗಿ ಸುಮಾರು 16 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹಾಗಾಗಿ ಬಕೆಟ್ಟು ನಲ್ಲಿಯ ನೇರಕ್ಕೆ ಇಟ್ಟರೆ ಆಗದು. ಇದನ್ನು ಮಗುವಿಗೆ ಹೇಳಿದಾಗ ಅವಳು ಪ್ಲಾನಿನ ಮೇಲೆ ಪೆನ್ಸಿಲಿನಲ್ಲಿ ಒಂದು ಬಕೆಟ್ ಬರೆದು ಸ್ವಲ್ಪ ಪಕ್ಕಕ್ಕೆ ಸರಿಸಿದಳು. ಆ ಬಕೆಟ್ ಇವತ್ತಿಗೂ ಪ್ಲಾನಿನಲ್ಲಿದೆ. ಮಾಡೆಲ್ಲಿನಲ್ಲಿ ಕಾಣುವುದಿಲ್ಲ, ಗೋಡೆಯೊಳಗೆ ಮುಚ್ಚಿಹೋಗಿದೆ. ಆದರೂ ಅದು ಅಲ್ಲಿರುವುದು ನನಗೆ ಮುಖ್ಯ.

ಸಾಮಾನಿನ ವಿಷಯಕ್ಕೆ ಬರೋಣ. ವಿದೇಶದಲ್ಲಿ ಈ ಹವ್ಯಾಸದವರು ಸ್ಟೈರೀನ್ ಎಂಬ ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ನಮ್ಮಲ್ಲಿ ಅದನ್ನು ತರಿಸುವುದು ದುಬಾರಿ. ಶಿವಮೊಗ್ಗದ ಗಾಂಧಿ ಬಜಾರಿನ ಸುತ್ತಮುತ್ತ ಸಿಗುವುದರಲ್ಲೇ ಬಹುತೇಕ ಕೆಲಸ ಆಗುತ್ತದೆ. ಬೋರ್ಡು ಬರೆಯುವವರ ಸನ್‌ಬೋರ್ಡು, ಪಿವಿಸಿ ಪೈಪು, ಅಲ್ಯೂಮಿನಿಯಂ ಕೊಳವೆ, ಎಂ-ಸೀಲ್, ಫೆವಿಕ್ವಿಕ್. ಫೆವಿಕ್ವಿಕ್ ಮೇಲೆ ಅಡುಗೆ ಸೋಡಾ ಉದುರಿಸಿದರೆ ಕ್ಷಣದಲ್ಲಿ ಕಲ್ಲಾಗುತ್ತದೆ. ಸಂದು ತುಂಬಲು ಅದಕ್ಕಿಂತ ಒಳ್ಳೆಯದಿಲ್ಲ.

ಇಂಧನದ ಟ್ಯಾಂಕುಗಳಿಗೆ ಗುಂಡನೆಯ ಆಕಾರ ಬೇಕಿತ್ತು. ಒತ್ತಡವನ್ನು ಎಲ್ಲ ಕಡೆ ಸಮನಾಗಿ ಹೊರುವುದು, ಕಡಿಮೆ ಮೈಯಲ್ಲಿ ಹೆಚ್ಚು ಹಿಡಿಸುವುದು ಗೋಳವೇ. ಒಂದು ಪ್ಲಂಬಿಂಗ್ ಅಂಗಡಿಯಲ್ಲಿ ತೊಟ್ಟಿಯ ನೀರು ತುಂಬಿದಾಗ ನಲ್ಲಿ ನಿಲ್ಲಿಸುವ ಆ ಪ್ಲಾಸ್ಟಿಕ್ ಚೆಂಡು ಕಣ್ಣಿಗೆ ಬಿತ್ತು. ಅಡ್ಡಗಲ 11 ಸೆಂಟಿಮೀಟರ್. ನಿಜದಲ್ಲಿ 11 ಮೀಟರ್. ಎಂಟು ಕೊಡಿ ಎಂದಾಗ ಅಂಗಡಿಯವರು ‘ಅಪಾರ್ಟ್‌ಮೆಂಟ್ ಕೆಲಸಾನಾ ಸಾರ್?’ ಎಂದು ಕೇಳಿದರು. ನೌಕೆಯ ಫೋಟೋ ತೋರಿಸಿದೆ. ಅವರು ಎದ್ದು ಒಳಗೆ ಹೋಗಿ ಒಂದೇ ಅಳತೆಯವು, ಕಲೆ ಇಲ್ಲದವು ಆರಿಸಿ ತಂದುಕೊಟ್ಟರು. ಅಂಥ ಒಂದು ಟ್ಯಾಂಕಿನಲ್ಲಿ ಸುಮಾರು 700 ಘನ ಮೀಟರ್ ಹಿಡಿಸುತ್ತದೆ. ನೀರು ತುಂಬಿದರೆ 700 ಟನ್. ದ್ರವ ಹೈಡ್ರೋಜನ್ ತುಂಬಿದರೆ 50 ಟನ್ ಕೂಡ ಆಗದು, ಅಷ್ಟು ಹಗುರ ಅದು. ನೌಕೆಯ ಅರ್ಧ ಬರೀ ಟ್ಯಾಂಕುಗಳೇ ಇರುವುದು ಅದಕ್ಕೇ.

ರೆಕ್ಕೆಗಳಿಗೆ ಆಫ್‌ಸೆಟ್ ಪ್ರೆಸ್ಸಿನ ಹಳೆ ಪ್ಲೇಟುಗಳು. ತೆಳ್ಳನೆಯ ಅಲ್ಯೂಮಿನಿಯಂ, ಕತ್ತರಿಯಲ್ಲೇ ಕತ್ತರಿಸಬಹುದು, ಖಾಲಿ ಬಾಲ್‌ಪೆನ್ನಿನಲ್ಲಿ ಗೆರೆ ಒತ್ತಿದರೆ ಹಲಗೆ ಜೋಡಿಸಿದ ಹಾಗೆ ಕಾಣುತ್ತದೆ. ಛಾಪಿಸಿದ ಅಕ್ಷರಗಳ ಗುರುತು ಅದರಲ್ಲಿ ಉಳಿದಿರುತ್ತದೆ. ಮಂಗಳಕ್ಕೆ ಹೊರಟ ನಮ್ಮ ನೌಕೆಯ ರೆಕ್ಕೆಗಳ ಒಳಮೈಯಲ್ಲಿ ಯಾರದೋ ಲಗ್ನಪತ್ರಿಕೆ ಇದೆ, ಒಂದು ಸಹಕಾರ ಸಂಘದ ವಾರ್ಷಿಕ ವರದಿ ಇದೆ.

ಬೆನ್ನೆಲುಬಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಉದ್ದನೆಯ ಮಾಡೆಲ್ ಕಟ್ಟುವವರ ದೊಡ್ಡ ಶತ್ರು ಬಾಗು. ಅದೇ ಕೊಳವೆಯ ಉದ್ದ ಎರಡರಷ್ಟು ಮಾಡಿದರೆ ತನ್ನದೇ ಭಾರಕ್ಕೆ ಅದು 16 ಪಟ್ಟು ಬಾಗುತ್ತದೆ. ಹಾಗಾಗಿ ಒಂದೇ ಕೊಳವೆ ಬಿಟ್ಟು ಮೂರು ತೆಳು ಕೊಳವೆಗಳನ್ನು ತ್ರಿಕೋನವಾಗಿ ನಿಲ್ಲಿಸಿ, ನಡುವೆ ಸೈಕಲ್ಲಿನ ಕಡ್ಡಿಗಳನ್ನು ಓರೆಯಾಗಿ ಹಾಕಿ ಬಿಗಿದೆವು. ತ್ರಿಕೋನ ಜರುಗುವುದಿಲ್ಲ. ಇಡುವಾಗಲೂ ತುದಿಗಳಿಗೆ ಆಧಾರ ಕೊಡಬಾರದು. ಭಾರ ಒಂದೇ ಸಮ ಇದ್ದರೆ ಎರಡೂ ತುದಿಯಿಂದ ಉದ್ದದ ಶೇ. 22ರಷ್ಟು ಒಳಗೆ, ಅಂದರೆ ಇಲ್ಲಿ ಸುಮಾರು 62 ಸೆಂಟಿಮೀಟರಿನಲ್ಲಿ, ಆಧಾರ ಕೊಟ್ಟರೆ ಬಾಗು ಅತಿ ಕಡಿಮೆ. ನಮ್ಮದರಲ್ಲಿ ಉಂಗುರದ ಭಾರ ಮುಂದಿರುವುದರಿಂದ ಮುಂದಿನ ಸ್ಟ್ಯಾಂಡು ಇನ್ನೂ ಸ್ವಲ್ಪ ಮುಂದಕ್ಕೆ ಹೋಯಿತು.

ಆಕಾರ ನಿಂತ ಮೇಲೆ ಬರುವುದು ಮೈಮೇಲಿನ ಕೆಲಸ. 2.8 ಮೀಟರಿನ ವಸ್ತುವನ್ನು 280 ಮೀಟರ್ ಎಂದು ಕಣ್ಣು ನಂಬಬೇಕು. ಇದಕ್ಕೆ ನನ್ನ ಪಾಠಶಾಲೆ ಬಳ್ಳಿಗಾವಿ. ಶಿಕಾರಿಪುರ ತಾಲ್ಲೂಕಿನ ಕೇದಾರೇಶ್ವರ ದೇವಸ್ಥಾನ, ಸುಮಾರು 11ನೇ ಶತಮಾನದ್ದು, ಮೂರು ಗರ್ಭಗುಡಿಗಳದ್ದು. ಅಳೆದರೆ ತೀರಾ ದೊಡ್ಡ ಕಟ್ಟಡ ಏನಲ್ಲ. ಆದರೂ ಅದರ ಶಿಖರದ ಎದುರು ನಿಂತರೆ ಬೆಟ್ಟದ ಎದುರು ನಿಂತಂತೆ ಅನ್ನಿಸುತ್ತದೆ. ಯಾಕೆ ಎಂದು ನೋಡುತ್ತಾ ನಿಂತಾಗ ಗೊತ್ತಾಗುತ್ತದೆ. ಇಡೀ ಶಿಖರ ಪುಟ್ಟ ಪುಟ್ಟ ಗುಡಿಗಳಿಂದಲೇ ಆಗಿದೆ. ಸಾಲು ಸಾಲಾಗಿ ಕೂತ ಆ ಗುಡಿಗಳು ಮೇಲೆ ಹೋದಂತೆ ಚಿಕ್ಕದಾಗುತ್ತವೆ. ಪ್ರತಿಯೊಂದಕ್ಕೂ ಅದರದೇ ಕಂಬ, ಅದರದೇ ಸೂರು. ಕಣ್ಣು ಆ ಪುಟ್ಟ ಗುಡಿಯನ್ನು ನಿಜವಾದ ಗುಡಿ ಎಂದು ತೆಗೆದುಕೊಂಡು ಮಿಕ್ಕದ್ದನ್ನು ಅದರಿಂದ ಅಳೆಯುತ್ತದೆ. ಶಿಖರ ತಾನಾಗಿ ಬೆಳೆಯುತ್ತದೆ. ನಡುವೆ ಏನೂ ಕೆತ್ತದ ಬರಿಗೋಡೆಯನ್ನೂ ಬಿಟ್ಟಿದ್ದಾರೆ, ಕಣ್ಣು ಕೂರಲು ಜಾಗ ಬೇಕಲ್ಲ.

ನಾನು ಅದನ್ನೇ ಇಲ್ಲಿ ತಂದಿದ್ದೇನೆ. ದೊಡ್ಡ ಟ್ಯಾಂಕಿನ ಪಕ್ಕ ಮಧ್ಯಮ ಗಾತ್ರದ ಪಂಪು, ಪಂಪಿನ ಪಕ್ಕ 17 ಮಿಲಿಮೀಟರಿನ ಮನುಷ್ಯ ಹಿಡಿದುಕೊಳ್ಳುವ ಕಂಬಿ. ಆ ಕಂಬಿ ಕಂಡ ಕೂಡಲೇ ಟ್ಯಾಂಕು ಬೆಟ್ಟವಾಗುತ್ತದೆ. ಕಿಟಕಿ ಚಿಕ್ಕದಾದಷ್ಟೂ ನೌಕೆ ದೊಡ್ಡದಾಗುತ್ತದೆ.

ಸಿನಿಮಾದ ಮಾಡೆಲ್ ಕಟ್ಟುವವರು ಇದಕ್ಕೆ ಯುದ್ಧದ ಟ್ಯಾಂಕು, ವಿಮಾನ, ಯುದ್ಧನೌಕೆಗಳ ಆಟಿಕೆ ಕಿಟ್ಟುಗಳ ಬಿಡಿಭಾಗ ತಂದು ಮೈತುಂಬ ಅಂಟಿಸುತ್ತಿದ್ದರು. 1977ರ ‘ಸ್ಟಾರ್ ವಾರ್ಸ್’ ನೌಕೆಗಳು ಹಾಗೆ ಆದವು. ಆ ತುಣುಕುಗಳನ್ನು ಅವರು ಗ್ರೀಬಲ್ ಎಂದು ಕರೆಯುತ್ತಿದ್ದರು. ಅವರ ಕೈಚಳಕಕ್ಕೆ ನಾನು ಮಾರುಹೋಗಿದ್ದೇನೆ. ಎರಡು ಸೆಕೆಂಡು ಪರದೆಯ ಮೇಲೆ ಹಾದುಹೋಗುವ ನೌಕೆಗೆ ಅದು ಸರಿಯಾದ ದಾರಿ. ವರ್ಷಗಟ್ಟಲೆ ಎದುರಿಗೇ ಇರುವ ನೌಕೆಗೆ ಆ ದಾರಿ ಸಾಲದು ಎಂದು ನನ್ನ ಅಭಿಪ್ರಾಯ. ಗುಜರಿಯಿಂದ ನಾನೂ ತರುತ್ತೇನೆ. ಹಳೆ ರೇಡಿಯೋದ ಒಳಗಿನ ಸಾಮಾನು, ಇಂಜೆಕ್ಷನ್ ಬಾಟಲಿಯ ಮುಚ್ಚಳ, ಕ್ಯಾಲ್ಕುಲೇಟರಿನ ಗುಂಡಿಗಳು. ಆದರೆ ಇದು ಏನು ಕೆಲಸ ಮಾಡುತ್ತದೆ ಎಂದು ಹೇಳಲು ಬಾರದ ಒಂದು ಚೂರನ್ನೂ ಅಂಟಿಸುವುದಿಲ್ಲ. ಪೈಪು ಶುರುವಾದ ಕಡೆ ಒಂದು ಕಾರಣ, ಮುಗಿದ ಕಡೆ ಒಂದು ಕಾರಣ ಇರಬೇಕು. ನೋಡುವವರಿಗೆ ಆ ಕಾರಣ ಗೊತ್ತಿರುವುದಿಲ್ಲ, ಆದರೂ ಕಾರಣ ಇರುವ ಪೈಪಿಗೂ ಸುಮ್ನೆ ಅಂಟಿಸಿದ ಪೈಪಿಗೂ ಇರುವ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯುತ್ತದೆ. ಇದನ್ನು ಮತ್ತೆ ಮತ್ತೆ ಕಂಡಿದ್ದೇನೆ.

ಬಣ್ಣದ ಕೆಲಸವನ್ನು ಮಾತ್ರ ನಮ್ಮ ಮಳೆಯೇ ನಿರ್ಧರಿಸುತ್ತದೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರದ ಮೇಲೆ, ಚರ್ಮದ ಚಪ್ಪಲಿಯ ಮೇಲೆ, ಪುಸ್ತಕದ ಬೆನ್ನಿನ ಮೇಲೆ ಬೂಷ್ಟು ಬರುತ್ತದೆ. ಲ್ಯಾಕರ್ ಪೇಂಟನ್ನು ಅಂಥ ಹವೆಯಲ್ಲಿ ಹೊಡೆದರೆ ಹಾಲಿನ ಕೆನೆ ಬಣ್ಣಕ್ಕೆ ತಿರುಗುತ್ತದೆ. ಪೇಂಟಿನ ಥಿನ್ನರ್ ಬೇಗ ಆರುವಾಗ ಮೈ ತಣ್ಣಗಾಗುತ್ತದೆ, ಆ ತಣ್ಣನೆ ಮೈಗೆ ಗಾಳಿಯ ತೇವ ಹಿಡಿದುಕೊಂಡು ಬಣ್ಣದೊಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮಳೆಗಾಲ ಪೂರ್ತಿ ಕೊಯ್ಯುವ, ಅಂಟಿಸುವ, ಉಜ್ಜುವ ಕೆಲಸ. ಉಜ್ಜಿದ ಭಾಗಗಳನ್ನು ಹಳೆ ಗುಂಡುಬಲ್ಬು ಹಾಕಿದ ಮರದ ಪೆಟ್ಟಿಗೆಯೊಳಗೆ ಬೆಚ್ಚಗಿಡುತ್ತೇವೆ. ಬಣ್ಣಕ್ಕೆ ಅಕ್ಟೋಬರ್ ಕೊನೆಯ ಬಿಸಿಲು ಬರಬೇಕು.

ಆಗ ಇನ್ನೊಂದು ಅವಸರ ಶುರುವಾಗುತ್ತದೆ. ‘ಕೊನೆ ಕೊಯ್ಲು ಶುರುವಾಗೋದ್ರೊಳಗೆ ಇದನ್ನ ಮೇಲೆ ಹತ್ಸು ಮಾರಾಯ’ ಎಂದು ಅಪ್ಪಯ್ಯ ಹೇಳುತ್ತಾರೆ. ಅಡಿಕೆ ಗೊನೆ ಇಳಿದರೆ ಸುಲಿಯುವವರಿಗೆ ಜಗಲಿ ಬೇಕು. ಎರಡು ಹಗ್ಗದಲ್ಲಿ ನೌಕೆಯನ್ನು ಅಟ್ಟದ ತೊಲೆಗೆ ಎತ್ತಿ ಕಟ್ಟುತ್ತೇವೆ. ಅಡಿಕೆ ಸುಲಿಯುತ್ತಾ ಕೂತವರು ಎರಡು ತಿಂಗಳು ಅದರ ಹೊಟ್ಟೆಯನ್ನೇ ನೋಡುತ್ತಾರೆ. ಹಾಗಾಗಿ ‘ತುಂಗೆ’ಯ ಅಡಿಭಾಗಕ್ಕೆ ನಾನು ಕೊಟ್ಟಷ್ಟು ಗಮನ ಬೇರೆಲ್ಲೂ ಕೊಟ್ಟಿಲ್ಲ. ಸುಲಿಯುವ ಹೆಂಗಸರಿಗೆ ಪ್ರತಿ ಟ್ಯಾಂಕೂ ಗೊತ್ತು. ಯಾವುದು ನೀರಿಗೆ, ಯಾವುದು ಇಂಧನಕ್ಕೆ ಎಂದು ಹೊಸಬರಿಗೆ ಅವರೇ ಹೇಳುತ್ತಾರೆ.

ದೀಪಗಳಿಗೆ ಎಳ್ಳಮಾವಾಸ್ಯೆ ಜಾತ್ರೆ ಸಹಾಯಕ್ಕೆ ಬಂತು. ತೀರ್ಥಹಳ್ಳಿಯ ರಾಮೇಶ್ವರ ದೇವರ ಜಾತ್ರೆಯಲ್ಲಿ ಕೂದಲಿನಂಥ ಎಳೆಗಳ ತುದಿಯಲ್ಲಿ ಬಣ್ಣ ಬಣ್ಣ ಹೊಳೆಯುವ ದೀಪ ಮಾರುತ್ತಾರೆ. ಆ ಎಳೆಗಳು ಆಪ್ಟಿಕಲ್ ಫೈಬರ್. ಒಂದು ಎಲ್‌ಇಡಿಯ ಮುಂದೆ ಕಟ್ಟು ಹಿಡಿದರೆ ನೂರು ಕಡೆಗೆ ಬೆಳಕು ಹೋಗುತ್ತದೆ. ಒಳಗೋಡೆಗೆ ಮೊದಲು ಕಪ್ಪು ಬಳಿಯಬೇಕು, ಅದರ ಮೇಲೆ ಬಿಳಿ. ಕಪ್ಪಿಲ್ಲದಿದ್ದರೆ ಇಡೀ ಗೋಡೆಯೇ ಬೆಳಗಿ ಆಟಿಕೆಯಾಗಿಬಿಡುತ್ತದೆ. ಮಲಗುವ ಕೋಣೆಗಳಿಗೆ ಹಳದಿ ಬೆಳಕು, ಕೆಲಸದ ಕೋಣೆಗಳಿಗೆ ಬಿಳಿ. ಉಂಗುರಕ್ಕೆ 12 ವೋಲ್ಟಿನ ಗೇರ್ ಮೋಟಾರು, 20 ಸೆಕೆಂಡಿಗೆ ಒಂದು ಸುತ್ತು, ನಿಜದಲ್ಲಿ ಎಷ್ಟೋ ಅಷ್ಟೇ. ಅದರೊಳಗಿನ ದೀಪಗಳ ಬ್ಯಾಟರಿ ಗಾಲಿಯ ಜೊತೆಗೇ ತಿರುಗುತ್ತದೆ, ಹಾಗಾಗಿ ವೈರು ಸುತ್ತಿಕೊಳ್ಳುವ ತಾಪತ್ರಯ ಇಲ್ಲ.

ಇನ್ನು ಉಳಿದಿರುವುದು ಮೂತಿಗೆ ಕಚ್ಚಿಕೊಂಡು ಹೋಗುವ ಇಳಿಯುವ ನೌಕೆ. ಮಂಗಳದ ಗಾಳಿಯ ಒತ್ತಡ ನಮ್ಮ ಗಾಳಿಯದರ ಶೇ. 1ಕ್ಕಿಂತಲೂ ಕಡಿಮೆ. ಸುಟ್ಟುಹೋಗುವಷ್ಟು ಬಿಸಿ ಮಾಡಲು ಅದು ಸಾಕು, ಪ್ಯಾರಾಚೂಟೊಂದರಲ್ಲೇ ಮೆಲ್ಲಗೆ ಇಳಿಸಲು ಸಾಲದು. ಹಾಗಾಗಿ ಮೊಂಡು ಮೂತಿಯ ಅಗಲವಾದ ಶಾಖದ ಗುರಾಣಿ ಬೇಕು, ಕೊನೆಯಲ್ಲಿ ರಾಕೆಟ್ಟು ಉರಿಸಿ ಕಾಲೂರಬೇಕು. ಹಲಸಿನ ಮರದಲ್ಲಿ ಗುರಾಣಿಯನ್ನು ಲೇತಿಗೆ ಹಾಕಿ ಕಡೆಯಬಹುದು ಎಂದು ಆಚಾರ್ರು ಹೇಳಿದ್ದಾರೆ. ಕಳೆದ ವಾರ ಅದರ ಚಿತ್ರ ಬರೆದು ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ‘ಕಾಲು ನಾಲ್ಕೂ ಸರಿ ಇಂಜಿನಿಯರ್ರೇ. ಆದ್ರೆ ಬೆಂಕಿ ಒಳಗೆ ಇಳಿಯೋವಾಗ ಈ ಕಾಲು ಎಲ್ಲಿ ಮಡಚ್ಕೊಂಡಿರ್ತವೆ?’ ಅಂದರು. ಗುರಾಣಿಯಲ್ಲಿ ಬಾಗಿಲು ಮಾಡಿ ಕಾಲು ಹೊರಗೆ ತೆಗೆಯುವುದಾ, ಗುರಾಣಿಯನ್ನೇ ಕಳಚಿ ಬೀಳಿಸುವುದಾ? ಎರಡಕ್ಕೂ ಚಿತ್ರ ಬರೆಯುತ್ತಿದ್ದೇನೆ. ಶನಿವಾರ ತೆಗೆದುಕೊಂಡು ಹೋಗಬೇಕು.